ಮೊಳೆಗೆ ತೂಗಿದ ಚಂಚಿ

ದಸ್ತಗೀರ ಕಾಕಾನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಆರು ಮೊಳೆಗಳಿದ್ದವು. ಗಾಳಿಮಳೆಯ ದಿನ ಆರಕ್ಕೂ ಒಂದೊಂದು ತಂಬಾಕಿನ ಚಂಚಿ ತೂಗಾಡುತ್ತಿತ್ತು. ಒಂದೂ ಅವನದಲ್ಲ. ಅವನು ತಂಬಾಕು ಮುಟ್ಟುತ್ತಲೇ ಇರಲಿಲ್ಲ. ಎಲ್ಲವೂ ನಮ್ಮಂಥ ಲೈನ್‌ಮನ್‌ಗಳಿಂದ ಕಸಿದುಕೊಂಡವು.

ಐನಾಪುರದ ಕಡೆಯ ಸಬ್‌ಸ್ಟೇಷನ್ನಿನಲ್ಲಿ ಅವನು ಆಪರೇಟರ್. ಊರೂರಿನ ದೂರನ್ನು ಫೋನಿನಲ್ಲಿ ಕೇಳಿ ನಮ್ಮನ್ನು ಅಟ್ಟುವುದು, ನಾವು ಕಂಬ ಹತ್ತುವ ಮೊದಲು ಆ ಊರಿನ ಲೈನು ಬಂದ್ ಮಾಡುವುದು, ಕೆಲಸ ಮುಗಿದ ಮೇಲೆ ಚಾಲೂ ಮಾಡುವುದು ಅವನ ಪಾಲಿಗೆ ಬಂದದ್ದು. ಅದಕ್ಕೆ ಸಹಿ ಹಾಕುವ ಪುಸ್ತಕವೇನೋ ಇತ್ತು. ಅದರ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ.

"ಸಹಿ ಯಾರರ ಹಾಕ್ತಾರ. ಚಂಚಿ ಬಿಟ್ಟು ಯಾವ ಲೈನ್‌ಮನ್ನೂ ಇರೂದಿಲ್ಲ, ಓಡಿ ಬರ್ತಾನ," ಎನ್ನುತ್ತಿದ್ದ.

ಲೈನು ಬಂದ್ ಮಾಡಿಸಿಕೊಂಡವನು ತನ್ನ ಚಂಚಿ ಮೊಳೆಗೆ ಹಾಕಿ ಹೋಗಬೇಕು. ಕೆಲಸ ಮುಗಿಸಿ ತಾನೇ ಬಂದು, ತನ್ನ ಕೈಯಿಂದಲೇ ಇಳಿಸಿಕೊಳ್ಳಬೇಕು. ಆಮೇಲೆಯೇ ಕರೆಂಟು. ಫೋನು ನಡೆಯದು, ಚೀಟಿ ನಡೆಯದು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಕಂಬದ ಮೇಲಿನ ನನ್ನ ಕೆಲಸಕ್ಕೆ ಯಾವ ಇಂಜಿನಿಯರನೂ ಬೆರಳು ತೋರಿಸಿದ್ದಿಲ್ಲ. ಅಂಥವನು ಬಾಯಲ್ಲಿ ತಂಬಾಕಿಲ್ಲದೆ, ಮಳೆಯಲ್ಲಿ ತಾಸುಗಟ್ಟಲೆ ಸೈಕಲ್ ತುಳಿದು ಬಂದು ಮುಖ ತೋರಿಸಬೇಕು. ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಹೊಸ ಚಂಚಿ ಹೊಲಿಸಿ, ಚಿಂದಿ ತುಂಬಿ ಮೊಳೆಗೆ ಹಾಕಿದೆ. ಕಾಕಾ ಅದನ್ನು ಇಳಿಸಿ ಮೂಸಿ ನೋಡಿದ.

"ಇದು ಗೋಡಿಗೆ ಶೃಂಗಾರ ಆತು. ಈಗ ನಿಪ್ಪಾಣಿ ತಂಬಾಕ ಇದ್ದದ್ದು ತೆಗಿ, ಭೀಮ್ಯಾ."

ತೆಗೆದುಕೊಟ್ಟೆ.

ಫೋನಿನಲ್ಲೂ ಅದೇ ಕಾಟ. ಸಿಡಿಲು ಬಡಿಯುತ್ತಿರುವಾಗ, ಒಂದು ಊರಿನ ಹಿಂದೆ ಇನ್ನೊಂದು ಊರು ಒದರುತ್ತಿರುವಾಗ, ಇವನದು ಸಾವಕಾಶದ ವಿಚಾರಣೆ. ತಂತಿ ನೆಲಕ್ಕೆ ಬಿದ್ದಿದೆಯೋ, ಜೋತಿದೆಯೋ? ಹತ್ತಿರ ಎಮ್ಮೆ ಕಟ್ಟಿದ್ದಾರೋ? ಕಾಯಲು ಯಾರನ್ನು ನಿಲ್ಲಿಸಿದ್ದೀರಿ, ಅವನ ಹೆಸರೇನು? ಬೈಯಲು ಫೋನು ಮಾಡಿದ ಸಾಹೇಬರಿಗೂ ಎಮ್ಮೆಯ ಪ್ರಶ್ನೆ ತಪ್ಪುತ್ತಿರಲಿಲ್ಲ.

ಒಂದು ವರ್ಷ ಮುಂಗಾರಿಗೆ ಮೊದಲೇ ಬಿರುಗಾಳಿ ಎದ್ದು, ಕಬ್ಬಿನ ಹೊಲಗಳಲ್ಲಿ ಕಂಬಗಳು ಸಾಲಾಗಿ ಮಲಗಿದವು. ಎರಡು ದಿನ ಕಾಕಾ ಫೋನು ಬಿಟ್ಟು ಏಳಲಿಲ್ಲ. ನನ್ನನ್ನು ಜುಗೂಳಕ್ಕೆ ಅಟ್ಟಿದ. ಅಲ್ಲಿ ಬಾಬುರಾವ್ ಎಂಬವನ ಮಗಳ ಮದುವೆ. ಗಿರಣಿ ನಿಂತು ಮದುವೆ ಮನೆಗೆ ಹಿಟ್ಟಿಲ್ಲ. ಮಧ್ಯಾಹ್ನ ನಾನು ಕೆಲಸ ಮುಗಿಸಿ ಇಳಿದಾಗ ಬಾಬುರಾವ್ ಫಟಫಟಿ ತಂದು ನಿಂತಿದ್ದ. ಹಿಂದೆ ಕೂತುಕೋ, ಹೋಗಿ ಮುಖ ತೋರಿಸಿ ಬರೋಣ ಎಂದ. ನನಗೆ ಹಟ ಬಂತು. ನನ್ನ ಮಾತಿಗೆ ಬೆಲೆಯೇ ಇಲ್ಲವೇ?

"ನೀವ ಹೋಗ್ರಿ. ಕೆಲಸ ಮುಗದೈತಿ, ಭೀಮಪ್ಪ ಕಳಿಸ್ಯಾನ, ಚಂಚಿ ಕೊಟ್ಟು ಲೈನ್ ಚಾಲೂ ಮಾಡ್ರಿ ಅನ್ರಿ," ಎಂದು ಕಳಿಸಿದೆ.

ಅವನು ಹೋದ ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ, ಕೊನೆಯ ಕಂಬದ ತಂತಿಗೆ ಬೇವಿನ ಟೊಂಗೆಯೊಂದು ಸಿಕ್ಕಿಕೊಂಡಿತ್ತು. ನನ್ನ ಕೆಲಸದಲ್ಲಿ ಅಂಥದ್ದು ಉಳಿಯುವುದುಂಟೇ? ಸರಸರ ಹತ್ತಿ ಕಿತ್ತೆಸೆದೆ. ಎಡಗೈಯಲ್ಲಿ ತಂತಿ ಹಿಡಿದು ಬಿಗಿ ನೋಡುತ್ತಿರುವಾಗ ತಂಬಾಕಿನ ಚಟ ಕೆರಳಿ ಬಲಗೈ ನಡುವಿಗೆ ಹೋಯಿತು. ಚಂಚಿ ಇರಲಿಲ್ಲ. ಅದನ್ನು ಇಳಿಸಿ ಈ ಲೈನು ಚಾಲೂ ಮಾಡಿಸಲು ನಾನೇ ಬಾಬುರಾವನನ್ನು ಕಳಿಸಿದ್ದೇನೆಂಬುದು ಆಗ ನೆನಪಾಯಿತು.

ಹೇಗೆ ಇಳಿದೆನೋ ಗೊತ್ತಿಲ್ಲ. ಸೈಕಲ್ ತುಳಿದು ಸಬ್‌ಸ್ಟೇಷನ್ ಮುಟ್ಟಿದಾಗ ಬಾಬುರಾವ್ ಬಾಗಿಲಲ್ಲಿ ಕೆಂಡವಾಗಿ ಕೂತಿದ್ದ. ಕಾಕಾನ ಅಂಗಿಯ ತೋಳು ಹರಿದಿತ್ತು. ಚಂಚಿ ಮಾತ್ರ ಮೊಳೆಯ ಮೇಲೆಯೇ ಇತ್ತು. ಕಾಕಾ ಫೋನಿನಲ್ಲಿ ಯಾರನ್ನೋ ಎಮ್ಮೆಯ ಬಗ್ಗೆ ಕೇಳುತ್ತಿದ್ದ. ಚಂಚಿ ಇಳಿಸಿಕೊಂಡೆ. ಅದರೊಳಗಿನ ಸುಣ್ಣದ ಡಬ್ಬಿ ಜಾರಿ ನೆಲಕ್ಕೆ ಬಿತ್ತು. ಅವನು ಡಬ್ಬಿಯನ್ನು ನೋಡಿದ, ನನ್ನ ಮುಖವನ್ನು ನೋಡಿದ.

"ಬಂದ್ಯಾ?" ಎಂದಷ್ಟೇ ಕೇಳಿ ಸ್ವಿಚ್ಚಿನ ಕಡೆ ನಡೆದ.

ನಾನು ಡಬ್ಬಿ ಎತ್ತಿಕೊಂಡು ಹೊರಬಿದ್ದೆ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವಂಥದಲ್ಲ.

ಅವನು ನಿವೃತ್ತನಾಗಿ ರಾಯಬಾಗದಲ್ಲಿ ಮಗನ ಮನೆ ಸೇರಿದ ಮೇಲೆ, ಒಮ್ಮೆ ಅದನ್ನು ಹೇಳಿಬಿಡಬೇಕೆಂದೇ ಹೋದೆ. ಎರಡು ಸಲ ಚಹಾ ಆಯಿತು. ಊರಿನ ಮಾತೆಲ್ಲ ಆಯಿತು. ಹೇಳದೆಯೇ ಎದ್ದು ಬಂದೆ. ಬಸ್ಸಿನಲ್ಲಿ ನೋಡಿಕೊಂಡರೆ ಚಂಚಿ ಅಲ್ಲೇ ಉಳಿದಿತ್ತು. ಮರುವಾರ ಆ ಕಡೆ ಹೊರಟ ಅಳಿಯನಿಗೆ ಇಸಿದುಕೊಂಡು ಬರಲು ಹೇಳಿದೆ. ಬರಿಗೈಯಲ್ಲಿ ಬಂದ. ಕಾಕಾ ಹೀಗೆ ಹೇಳಿ ಕಳಿಸಿದ್ದ:

"ಅಂವನ ಕೆಲಸ ಇನ್ನೂ ಮುಗಿದಿಲ್ಲ. ಮುಗಿಸಾಕ ಅಂವಾ ಖುದ್ದ ಬರ್ಲಿ."

ಮನೆಯಲ್ಲಿ ಕೂತೂ ಇವನ ಕಾಟ ತಪ್ಪಲಿಲ್ಲವಲ್ಲ ಎಂದು ಬೈದುಕೊಂಡೆ. ನಾಳೆ, ನಾಡಿದ್ದು ಅನ್ನುವಷ್ಟರಲ್ಲಿ ಗಾಳಿಮಳೆ ಬಂತು, ಕಂಬಗಳು ಬಿದ್ದವು. ಹೋದದ್ದು ಅವನಿಗೆ ಮಣ್ಣು ಕೊಡಲು.

ಎಲ್ಲ ಮುಗಿದು ಕಾಕಾನ ಮನೆಗೆ ಬಂದಾಗ ಅವನ ಮಗ ನನ್ನ ಚಂಚಿ ತರಲು ಎದ್ದ. ಬೇಡ ಎಂದೆ. ಒಳಗೆ, ಕಾಕಾ ಮಲಗುತ್ತಿದ್ದ ಖಾಲಿ ಹೊರಸಿನ ಹಿಂದಿನ ಗೋಡೆಯಲ್ಲಿ, ಅದು ಮೊಳೆಗೆ ತೂಗುತ್ತಿತ್ತು.

"ಬಂದೇನ್ರಿ ಕಾಕಾ. ತಪ್ಪಾತು," ಎಂದು ನನ್ನ ಕೈಯಿಂದಲೇ ಇಳಿಸಿಕೊಂಡೆ.