ಹೊಸ್ತಿಲಾಚೆಯ ಎಲೆ

ಹಳೆಯ ಕೈಬರಹ ಓದಲು ಬರುತ್ತದೆ ಎಂದು ಅವತ್ತು ನಾನು ಬಾಯಿ ಬಿಡದೆ ಇದ್ದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ನನ್ನ ಅಪ್ಪ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ದಸ್ತಾವೇಜು ಬರೆಯುತ್ತಿದ್ದವರು. ಜನ ತಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಕಾಗದಗಳನ್ನು ತಂದು ಅವರ ಮುಂದೆ ಹರಡುತ್ತಿದ್ದರು. ಪದಕ್ಕೂ ಪದಕ್ಕೂ ನಡುವೆ ಜಾಗವೇ ಬಿಡದ, ಇರುವೆ ಸಾಲಿನಂಥ ಆ ಬರಹವನ್ನು ಅಪ್ಪ ಗಟ್ಟಿಯಾಗಿ ಓದುವರು, ರಜೆಯ ದಿನಗಳಲ್ಲಿ ನಾನು ಪಕ್ಕದಲ್ಲಿ ಕೂತು ನಕಲು ಮಾಡುವುದು. ಅವರದು ಎರಡೇ ಕಟ್ಟಪ್ಪಣೆ. ಓದಲಾಗದ್ದನ್ನು ಊಹಿಸಿ ಬರೆಯಬೇಡ. ಓದಲಾದದ್ದನ್ನು ಓದಲಾಗದು ಎಂದು ಬರೆಯಬೇಡ. ಮೊದಲನೆಯದನ್ನು ನಾನು ಇವತ್ತಿನವರೆಗೂ ಪಾಲಿಸಿದ್ದೇನೆ.

ಮದುವೆಯಾಗಿ ದುಬೈಗೆ ಬಂದ ಮೇಲೆ ಆ ವಿದ್ಯೆ ಯಾರಿಗೆ ಬೇಕಿತ್ತು? ಗಂಡ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ನಲ್ಲಿ, ಕಮೋಡು, ಬಾತ್‌ರೂಮ್ ಟೈಲ್ಸ್ ಮಾರುವ ಕಂಪನಿ. ಮಾಲಿಕರು ನಮ್ಮ ಕರಾವಳಿಯವರೇ, ದೊಡ್ಡ ಗುತ್ತಿನ ಮನೆಯವರು, ಊರಿನ ಯಜಮಾನಿಕೆಯ ಹಳೆಯ ಮನೆತನ, ಹಾಗಾಗಿ ನಮ್ಮ ಕಡೆಯ ನೌಕರರೆಲ್ಲ ಅವರನ್ನು ಧಣಿ ಎಂದೇ ಕರೆಯುತ್ತಿದ್ದರು. ಮೆಟ್ರೋ ಇನ್ನೂ ಹೊಸದಾಗಿದ್ದ ಕಾಲ. ಕಂಪನಿಯ ಒಂದು ಊಟದಲ್ಲಿ ಧಣಿ ತಮ್ಮ ಹಳೆಯ ಕಾಗದಗಳ ಸುದ್ದಿ ತೆಗೆದು, ಕನ್ನಡದ್ದನ್ನು ಓದುವವರೇ ಸಿಗುವುದಿಲ್ಲ ಎಂದು ಬೇಸರಪಟ್ಟುಕೊಂಡರು. ನಾನು ಸುಮ್ಮನಿರಬಾರದೇ? ಮುಂದಿನ ವಾರವೇ ಕೆಲಸಕ್ಕೆ ಸೇರಿದೆ.

ಕೆಳಗೆ ಕಮೋಡಿನ ಪೆಟ್ಟಿಗೆಗಳು, ಮೇಲಿನ ಮಹಡಿಯಲ್ಲಿ ಚರಿತ್ರೆ. ಹಗಲಿಡೀ ಎಸಿ ಹಾಕಿದ ಒಂದು ಕೋಣೆ, ಗೋಡೆಯುದ್ದಕ್ಕೂ ಉಕ್ಕಿನ ಅಗಲ ಡ್ರಾಯರುಗಳು. ಧಣಿ ಲೋಕವೆಲ್ಲ ಸುತ್ತಿ ಹರಾಜಿನಲ್ಲಿ ಹಿಡಿದು ತಂದ ಕಾಗದಗಳು ಅವುಗಳ ಒಳಗೆ. ಇಂಗ್ಲೆಂಡಿನ ಅನಾಥ ಮಕ್ಕಳನ್ನು ಏಳೇಳು ವರ್ಷಕ್ಕೆ ಚಮ್ಮಾರರಿಗೂ ನೇಕಾರರಿಗೂ ಕಸುಬು ಕಲಿಯಲೆಂದು ಬರೆದುಕೊಟ್ಟ ಕರಾರುಗಳು. ಕಬ್ಬಿನ ತೋಟಗಳ ಗುಲಾಮರ ಪಟ್ಟಿಗಳು, ಹೆಸರು, ವಯಸ್ಸು, ಯಾವ ಕಾಲು ಊನ ಎನ್ನುವವರೆಗೂ. ಆಮೇಲೆ ನಮ್ಮ ಊರ ಕಡೆಯ ಗುಜರಿಯವರಿಂದ, ಮುರಿದ ಮನೆಗಳಿಂದ ಕೊಂಡ ಕನ್ನಡದ ಕಟ್ಟುಗಳು. ನನ್ನದು ಇವು ಮಾತ್ರ. ಒಂದೊಂದು ಕಾಗದವನ್ನೂ ಓದಿ, ಒಂದೊಂದು ಫಾರ್ಮು ತುಂಬಿ, ಅದರೊಡನೆಯೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಡಬೇಕು.

ಮೊದಲ ವಾರವೇ ಸಿಕ್ಕಿದ ಒಂದು ಕ್ರಯಪತ್ರದಲ್ಲಿ ಗದ್ದೆ, ಬಾವಿ, ಹಲಸಿನ ಮರ ನಾಲ್ಕು, ಮಾವಿನ ಮರ ಎರಡು ಎಂದು ಬರೆದು, ಅದೇ ಉಸಿರಿನಲ್ಲಿ ಗಂಡಾಳು ಇಬ್ಬರು, ಹೆಣ್ಣಾಳು ಮೂವರು, ಅವರಿಗೆ ಇನ್ನು ಮುಂದೆ ಹುಟ್ಟುವ ಮಕ್ಕಳು ಎಂದೂ ಬರೆದಿತ್ತು. ಇವರನ್ನು ಫಾರ್ಮಿನಲ್ಲಿ ‘ವ್ಯಕ್ತಿಗಳು’ ಕಾಲಮಿಗೆ ಹಾಕಲೋ ‘ಆಸ್ತಿ’ ಕಾಲಮಿಗೋ ಎಂದು ಧಣಿಯನ್ನು ಕೇಳಿದೆ.

“ಆಸ್ತಿಗೆ ಹಾಕಿ. ಕಾಗದದಲ್ಲಿ ಹಾಗೇ ಉಂಟಲ್ಲ,” ಅಂದರು.

ಅವತ್ತು ಮಧ್ಯಾಹ್ನ ಡಬ್ಬಿ ತೆರೆಯಲಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೂರನೆಯ ವಾರಕ್ಕೆಲ್ಲ ಚಹಾ ಹೀರುತ್ತಲೇ ಅಂಥವನ್ನು ತುಂಬಿಸುತ್ತಿದ್ದೆ.

ಧಣಿಗೆ ಒಬ್ಬರು ಅಕ್ಕ. ಎಪ್ಪತ್ತೈದು ದಾಟಿದವರು, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ಒಂದು ಗುರುವಾರ ತಮ್ಮನ ಸಂಗ್ರಹ ನೋಡಲೆಂದು ಬಂದವರು, ಚಳಿಗೆ ಸೆರಗು ಹೊದ್ದು ನನ್ನ ಮೇಜಿನ ಎದುರು ಕೂತೇಬಿಟ್ಟರು. ತಮ್ಮನಿಗೆ ಇಲ್ಲದ ಒಂದು ಗುಣ ಅವರಲ್ಲಿತ್ತು, ಎದುರಿನವರ ಮುಖ ನೋಡಿ ಮಾತಾಡುವುದು. ನಾವು ತುಳುವಿನಲ್ಲೇ ಮಾತಾಡಿದ್ದು, ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

“ನಮ್ಮ ಮನೆಯ ಕಾಗದವೂ ಇದರಲ್ಲಿ ಉಂಟಂತೆ. ನಿನ್ನತ್ರ ಒಂದು ಕೆಲಸ ಆಗ್ಬೇಕಿತ್ತು ಮಗಾ,” ಅಂದರು.

ಕೆಲಸ ಇಷ್ಟೇ. ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮವಿದೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಬಂದು ಉಣ್ಣಿ ಎನ್ನಬೇಕು. ಅವರ ಮನೆಯಲ್ಲಿ ಮಾತ್ರ ಒಂದು ಎಲೆ ಹೆಚ್ಚು. ಅದನ್ನು ಒಳಗೆ ಹಾಕುವುದಿಲ್ಲ, ಹೊಸ್ತಿಲಾಚೆ ಹಾಕುತ್ತಾರೆ. ಅದಕ್ಕೆ ಹೆಸರಿಲ್ಲ. ಬಡಿಸಿ, ಸುಮ್ಮನೆ ಒಳಗೆ ಬಂದುಬಿಡುವುದು.

“ನನ್ನ ಅಮ್ಮನತ್ರ ಕೇಳಿದೆ, ಅಜ್ಜಿಯತ್ರ ಕೇಳಿದೆ. ಯಾರೋ ಒಬ್ಬ ಹೆಂಗಸು, ನಿಲ್ಲಿಸ್ಬಾರದು ಅಂತ ಮಾತ್ರ ಹೇಳಿದ್ರು. ಅರುವತ್ತು ವರ್ಷ ಬಡಿಸಿದೆ. ಒಂದು ದಿನ ಅವಳನ್ನು ಬಾ ಅಂತ ಕರೆದದ್ದಿಲ್ಲ. ಕರೆಯದೆ ಬಡಿಸುದು ನಾಯಿಗೆ. ನಾನು ಹೋಗುವ ಮುಂಚೆ ಒಮ್ಮೆ ಹೆಸರು ಹಿಡಿದು ಕರೀಬೇಕು. ಸಿಕ್ಕಿದ್ರೆ ಹೇಳ್ತೀಯಾ?”

ಹೇಳುತ್ತೇನೆ ಅಂದೆ. ನೀರು ಕುಡಿದಷ್ಟು ಸುಲಭವಾಗಿ ಅಂದೆ.

ಎರಡು ತಿಂಗಳ ಮೇಲೆ ಅವರ ಮನೆಯ ಕಾಗದಗಳ ಕಟ್ಟಿಗೆ ಬಂದೆ. ಧಣಿಗೂ ಅದರ ಅವಸರವಿತ್ತು. ಊರಿನಲ್ಲಿ ಅವರು ಗುತ್ತಿನ ಗಡಿ ಹಿಡಿಯುವವರಿದ್ದರು, ಎಂದರೆ ಊರ ದೈವದ ಎದುರು ಮನೆತನದ ಯಜಮಾನರಾಗಿ ನಿಲ್ಲುವವರು. ಆ ದಿನಕ್ಕೆ ಮನೆತನದ ಚರಿತ್ರೆಯ ಪುಸ್ತಕ ಒಂದು ಅಚ್ಚಾಗಬೇಕಿತ್ತು. ಅಳಿಯಕಟ್ಟಿನ ಕುಟುಂಬ, ಅಲ್ಲಿ ಮನೆತನ ಸಾಗುವುದು ತಾಯಿಯಿಂದ ಮಗಳಿಗೆ. ಗಂಡಸು ಎಷ್ಟೇ ಮೀಸೆ ತಿರುವಿದರೂ ಅವನು ಯಾರೆಂದು ಹೇಳುವುದು ಅವನ ತಾಯಿಯ ತಾಯಿ. ಮೂಲದ ಹೆಣ್ಣು ಯಾರೆಂದು ಹುಡುಕಿಕೊಡಿ ಎಂದು ಧಣಿ ಹೇಳಿದ್ದರು.

ಹುಡುಕಿದೆ. ಅಂಗೈಯಗಲದ ಒಂದು ಕಾಗದ, ಮಡಿಕೆಗಳಲ್ಲಿ ಸೀಳಿತ್ತು, ಅಕ್ಷರ ಮಾತ್ರ ಮೊನ್ನೆ ಬರೆದ ಹಾಗೆ. ಅದೊಂದು ಬರಗಾಲದ ವರ್ಷ. ಆ ಮನೆಯಲ್ಲಿ ಉಳಿದದ್ದು ಒಬ್ಬಳೇ ಹೆಂಗಸು, ಅವಳಿಗೆ ಹೆಣ್ಣು ಸಂತಾನವಿಲ್ಲ, ಮನೆ ಅಲ್ಲಿಗೆ ಮುಗಿಯಬೇಕು. ಇನ್ನೊಬ್ಬ ಹೆಂಗಸು ಅವಳಿಗೆ ಬರೆದುಕೊಟ್ಟಿದ್ದಾಳೆ: ತನ್ನ ಹೊಟ್ಟೆಯಲ್ಲಿ ಹುಟ್ಟಿದ ಆರು ವರ್ಷದ ಹೆಣ್ಣುಮಗುವನ್ನು ಬೈಹುಲ್ಲಿನಲ್ಲಿ ಕಟ್ಟಿದ ಮೂರು ಮುಡಿ ಅಕ್ಕಿಗೆ ಕೊಟ್ಟಿದ್ದೇನೆ, ಇನ್ನು ಅದು ನಿಮ್ಮ ಮಗಳು, ನಾನು ಅದನ್ನು ಮಗಳೆಂದು ಕರೆಯುವುದಿಲ್ಲ, ನಿಮ್ಮ ಹೊಸ್ತಿಲು ಹತ್ತುವುದಿಲ್ಲ. ಜಾತಿ ಯಾವುದೆಂದು ಕಾಗದದಲ್ಲಿಲ್ಲ. ಹೊಸ್ತಿಲು ಹತ್ತುವುದಿಲ್ಲ ಎಂದ ಮೇಲೆ ಹೇಳುವ ಅಗತ್ಯವೂ ಇಲ್ಲ. ಕೊನೆಗೊಂದು ಷರತ್ತು. ತಾನು ಹಸಿದು ಬಂದ ದಿನ ಹೊಸ್ತಿಲಾಚೆ ಒಂದು ಎಲೆ ಅನ್ನ ಹಾಕಬೇಕು. ಅದರ ಕೆಳಗೆ ಅವಳ ಹೆಸರು, ಹೆಸರಿನ ಪಕ್ಕದಲ್ಲಿ ಸಹಿಯ ಬದಲು ಎಳೆದ ಒಂದು ಅಡ್ಡಗೀಟು.

ಅದೇ ಕಟ್ಟಿನಲ್ಲಿ ಬಹಳ ವರ್ಷಗಳ ನಂತರದ ಒಂದು ಗೇಣಿಚೀಟಿ ಇತ್ತು. ಅದರಲ್ಲಿ ಆ ಮಗುವೇ ಮನೆಯ ಯಜಮಾನಿ, ಜೊತೆಗೆ ಅವಳ ಹೆಣ್ಣುಮಕ್ಕಳ ಹೆಸರು. ಕಡೆಯ ಮಗಳ ಹೆಸರು, ಧಣಿ ಕೊಟ್ಟ ವಂಶಾವಳಿಯಲ್ಲಿದ್ದ ಅಕ್ಕನ ಮುತ್ತಜ್ಜಿಯದು. ಲೆಕ್ಕ ಮುಗಿಯಿತು. ಹೆತ್ತ ತಾಯಿಗೆ ಎಲೆ ಹಾಕುವುದನ್ನು ಮಗಳು ನಿಲ್ಲಿಸಲಿಲ್ಲ, ಸತ್ತ ಮೇಲೂ ನಿಲ್ಲಿಸಲಿಲ್ಲ. ಒಳಗೆ ಕರೆಯುವ ಧೈರ್ಯ ಮಾತ್ರ ಆಗಿರಲಿಕ್ಕಿಲ್ಲ. ನಾನು ಆ ತಣ್ಣಗಿನ ಕೋಣೆಯಲ್ಲಿ ಕೂತು ಅತ್ತೆ. ನನಗೂ ಒಬ್ಬಳು ಮಗಳಿದ್ದಾಳೆ.

ಧಣಿಗೆ ಓದಿ ಹೇಳಿದಾಗ ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ಸರಿ ಓದಿದ್ದೀರಾ?”

“ಮೂರು ಸಲ ಓದಿದೆ ಧಣಿ.”

“ಯಾರಿಗೆಲ್ಲ ಹೇಳಿದ್ದೀರಿ?”

“ಯಾರಿಗೂ ಇಲ್ಲ. ಅಕ್ಕ ಮಾತ್ರ ಕೇಳಿದ್ರು, ಆ ಎಲೆಯ ಹೆಂಗಸಿನ ಹೆಸರು.”

“ಅಕ್ಕನಿಗೆ ಹೆಸರು ಹೇಳಿದ್ರೆ ಅವಳು ಊರಿಗೆಲ್ಲ ಹೇಳ್ತಾಳೆ. ಮತ್ತೆ ನಾನು ಗಡಿ ಹಿಡಿಯುದುಂಟಾ? ಅಷ್ಟು ದೊಡ್ಡ ಗುತ್ತು, ಬುಡ ನೋಡಿದ್ರೆ ಮೂರು ಮುಡಿ ಅಕ್ಕಿ ಅಂತ ನಗಾಡ್ತಾರೆ ಜನ.” ಕಾಗದವನ್ನು ಮೆಲ್ಲ ತಮ್ಮ ಕಡೆಗೆ ಎಳೆದುಕೊಂಡರು. “ನಿಮ್ಮ ಯಜಮಾನರ ವೀಸಾ ಈ ತಿಂಗಳು ರಿನ್ಯೂಗೆ ಉಂಟಲ್ವಾ? ಮಗಳು ಎಷ್ಟನೇ ಕ್ಲಾಸು?”

“ಏಳು.”

“ಒಳ್ಳೇ ಶಾಲೆ. ತಪ್ಪಿಸ್ಬೇಡಿ. ಫಾರ್ಮಿನಲ್ಲಿ ಹುಳ ತಿಂದಿದೆ ಅಂತ ಬರೆಯಿರಿ. ಖಲಾಸ್.”

ಎಷ್ಟು ನಯವಾಗಿ ಹೇಳಿದರೆಂದರೆ ನಾನು ಥ್ಯಾಂಕ್ಸ್ ಅಂದುಬಿಟ್ಟೆ. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. “ಎಂದೋ ಸತ್ತವಳ ಹೆಸರಿಗೆ ನಮ್ಮ ಅನ್ನ ಕಳ್ಕೊಳ್ಳುದಾ ಮಾರಾಯ್ತಿ? ಬರೆದು ಬಿಸಾಡು,” ಅಂದರು. ಟಿವಿಯ ಎದುರಿದ್ದ ಮಗಳು ತಿರುಗಿ, ಯಾರು ಸತ್ತದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಾರೂ ಇಲ್ಲ ಅಂದೆ. ಮರುದಿನ ಫಾರ್ಮು ತುಂಬಿಸಿದೆ. ಬರೆದುಕೊಟ್ಟವರ ಹೆಸರು: ಹುಳ ತಿಂದಿದೆ, ಓದಲಾಗದು. ಅಪ್ಪ ಕಲಿಸಿದ ದುಂಡಗಿನ ಅಕ್ಷರದಲ್ಲೇ ಬರೆದೆ. ಖಾಲಿ ಲಕೋಟೆಯಲ್ಲಿ ಆ ಫಾರ್ಮೊಂದನ್ನೇ ಇಟ್ಟೆ, ಕಾಗದ ಆಗಲೇ ಧಣಿಯ ಬ್ಯಾಗು ಸೇರಿತ್ತು.

ಅಕ್ಕನ ಫೋನು ಬಂತು.

“ಸಿಕ್ಕಿತಾ ಮಗಾ?”

“ಒಬ್ಬಳಿಗೆ ಎಲೆ ಹಾಕ್ಬೇಕು ಅಂತ ಒಂದು ಕಾಗದದಲ್ಲಿ ಉಂಟು ಅಕ್ಕ. ಆದ್ರೆ ಹೆಸರಿನ ಜಾಗ ಹುಳ ತಿಂದಿದೆ.”

“ಸರಿಯಾಗಿ ಹೆಸರನ್ನೇ ತಿಂದಿತಾ?” ಅಂದರು. ಆಮೇಲೆ, “ಇರ್ಲಿ. ಅದಕ್ಕೂ ಹಸಿವೆ. ಆಟಿಗೆ ನಮ್ಮಲ್ಲಿಗೆ ಬಾ. ನನ್ನ ಮೊಣಕಾಲು ಬಗ್ಗುದಿಲ್ಲ, ಬಡಿಸ್ಲಿಕ್ಕೆ ಒಂದು ಕೈ ಬೇಕು.”

ಹೋಗದಿರಲು ಏನಾದರೊಂದು ನೆಪ ಹೇಳಬಹುದಿತ್ತು. ಹೋದೆ. ಊರಿನಲ್ಲಿ ಆಟಿಯೆಂದರೆ ಜಡಿಮಳೆ, ಇಲ್ಲಿ ಹಮ್ದಾನ್ ಸ್ಟ್ರೀಟಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹನ್ನೊಂದನೆಯ ಮಹಡಿಯ ಆ ಫ್ಲ್ಯಾಟಿನ ಕೋಣೆಯಲ್ಲಿ ಮಲಯಾಳಿ ಅಂಗಡಿಯಿಂದ ತಂದ ಬಾಳೆಲೆಗಳನ್ನು ಹಾಸಿದ್ದರು. ಕೋಳಿ ಸಾರು, ರೊಟ್ಟಿ, ಕಡುಬು, ಎಲ್ಲ ಬಡಿಸಿಯಾಯಿತು. ಅಕ್ಕ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಮುಗಿದ ಮೇಲೆ ಕೊನೆಯ ಎಲೆಯನ್ನು ನನ್ನ ಕೈಗೆ ಕೊಟ್ಟರು.

“ಹೊರಗೆ ಇಟ್ಟು ಬಾ.”

ಬಾಗಿಲ ಹೊರಗೆ ಕಾರಿಡಾರು. ಒಂದು ಕಡೆ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಕಡೆ ಪಕ್ಕದ ಮನೆಯ ಮಗುವಿನ ಸೈಕಲ್ಲು. ನಡುವೆ ಒಂದು ಎಲೆಯಷ್ಟು ಜಾಗ. ಎಲೆ ಇಟ್ಟೆ, ಬಡಿಸಿದೆ, ಲೋಟದಲ್ಲಿ ನೀರಿಟ್ಟೆ. ಬಾಗಿಲು ಅರ್ಧ ಮುಚ್ಚಿತ್ತು. ಅಲ್ಲಿ ಧಣಿ ಇರಲಿಲ್ಲ, ನನ್ನ ಗಂಡ ಇರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ. ಹೆಸರು ನನ್ನ ನಾಲಿಗೆಯ ಮೇಲಿತ್ತು. ಮೂರೇ ಅಕ್ಷರ. ಪಿಸುಗುಟ್ಟಿದ್ದರೂ ಆಗುತ್ತಿತ್ತು, ಯಾವ ವೀಸಾ ರದ್ದಾಗುತ್ತಿತ್ತು ಅದಕ್ಕೆ? ಆದರೂ ಕರೆಯಲಿಲ್ಲ. ಗೋಡೆಗಳಿಗೂ ಕಿವಿಯಿದ್ದರೆ ಎಂದು ಹೆದರಿದೆ. ಲಿಫ್ಟಿನ ಸದ್ದಾಯಿತು, ನಾನು ಕದ್ದವಳ ಹಾಗೆ ಒಳಗೆ ಓಡಿಬಂದೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

“ಕರೆದೆಯಾ?”

“ಹೆಸರು ಗೊತ್ತಿಲ್ವಲ್ಲ ಅಕ್ಕ.”

“ಹೌದಲ್ಲ,” ಅಂದರು. “ಮರ್ತೇ ಹೋಯ್ತು ನನಗೆ.” ಕೈ ತೊಳೆದು ಬಾ ಎಂದು ನನಗೇ ಮೊದಲು ಊಟಕ್ಕೆ ಹಾಕಿಸಿದರು. ನಾನು ಹೇಳಿದ್ದು ಸುಳ್ಳೆಂದು ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಡಲಿ ಎಂದು ಕಾದದ್ದು, ಅಷ್ಟೇ. ಆ ಊಟವನ್ನು ಹೇಗೆ ನುಂಗಿದೆನೋ ನನಗೇ ಗೊತ್ತು. ಊಟ ಮುಗಿಸಿ ಹೊರಗೆ ಬಂದಾಗ ಎಲೆ ಇರಲಿಲ್ಲ. ಕಟ್ಟಡದ ಕಾವಲಿನ ನಾತೂರ್ ಅದನ್ನು ಕಸದ ಕಪ್ಪು ಚೀಲಕ್ಕೆ ತುಂಬುತ್ತಿದ್ದ, ನನ್ನನ್ನು ಕಂಡು ಏನೋ ಗೊಣಗಿದ.

ಅಕ್ಕ ಮುಂದಿನ ಆಟಿ ಕಾಣಲಿಲ್ಲ. ಸೊಸೆ ಒಳಗಿನ ಎಲೆಗಳನ್ನು ಹಾಕಿದಳಂತೆ, ಕಾರಿಡಾರಿನಲ್ಲಿ ಏನೂ ಇಡಬಾರದೆಂದು ಬಿಲ್ಡಿಂಗಿನವರು ನೋಟೀಸು ಅಂಟಿಸಿದ್ದರಿಂದ ಹೊರಗಿನದನ್ನು ನಿಲ್ಲಿಸಿದಳು. ಅವಳದೇನು ತಪ್ಪು? ಯಾರ ಎಲೆಯೆಂದು ಅವಳಿಗೆ ಹೇಳಿದವರಿಲ್ಲ.

ಅದೇ ವರ್ಷ ಕಂಪನಿಗೆ ವ್ಯಾಪಾರ ಇಳಿಯಿತು. ಗೋಡೌನಿನ ಎಂಟು ಜನರ ವೀಸಾ ಕ್ಯಾನ್ಸಲ್ ಮಾಡಿದರು. ಅದರಲ್ಲಿ ನನ್ನ ಗಂಡನೂ ಒಬ್ಬ. ಮಗಳು ಶಾಲೆ ಬಿಟ್ಟಳು. ನಾನು ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಹನ್ನೊಂದು ತಿಂಗಳು ಬಾಳಿಕೆ ಬಂತು.

ಕೋಣೆಯ ಕೀಲಿ ಕೊಡಲು ಹೋದ ದಿನ ಧಣಿ ಇರಲಿಲ್ಲ, ಗಡಿ ಹಿಡಿಯಲು ಊರಿಗೆ ಹೋಗಿದ್ದರು. ಅವರ ಪುಸ್ತಕದ ಪ್ರತಿಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಮೊದಲ ಪುಟದಲ್ಲೇ ಆ ಕೊಂಡು ತಂದ ಮಗು, ಮನೆತನದ ಮೂಲ ಮಾತೆಯೆಂದು. ಅವಳಿಗೊಬ್ಬಳು ತಾಯಿ ಇದ್ದಳು ಎನ್ನುವುದು ಎಲ್ಲಿಯೂ ಇರಲಿಲ್ಲ. ನಾನು ಡ್ರಾಯರು ಎಳೆದು ಆ ಲಕೋಟೆ ತೆಗೆದೆ. ಫಾರ್ಮು ಹಾಗೆಯೇ ಇತ್ತು. ‘ಹುಳ ತಿಂದಿದೆ, ಓದಲಾಗದು’ ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅವಳ ಹೆಸರನ್ನು ಬರೆದೆ. ಗಟ್ಟಿಯಾಗಿ ಓದಿದೆ ಕೂಡ, ಅಪ್ಪ ಓದುತ್ತಿದ್ದ ಹಾಗೆ, ಒಂದು ಸಲವಲ್ಲ, ಮೂರು ಸಲ. ಬಂದು ಉಣ್ಣು ಎನ್ನಲು ಮಾತ್ರ ನನ್ನ ಎದುರಿಗೆ ಎಲೆ ಇರಲಿಲ್ಲ.