ಬಣ್ಣದ ಮೊಟ್ಟೆಗೆ ಗಂಡನ ಮೂಗು

ಬೆಳಗಿನ ಐದು ಗಂಟೆ. ಒಂದೇ ಬಲ್ಬಿನ ಅಡುಗೆಮನೆಯಲ್ಲಿ ಬಣ್ಣದ ಮೊಟ್ಟೆಯಕ್ಕ ಕೆಲಸಕ್ಕೆ ಕೂತಿದ್ದಾರೆ. ಬೆಂದ ಮೊಟ್ಟೆಯನ್ನು ಕಟ್ಟೆಗೆ ಕುಟ್ಟಿ, ಅಂಗೈಯಡಿ ಉರುಳಿಸಿ, ತಣ್ಣೀರಿನೊಳಗೇ ಸಿಪ್ಪೆ ಬಿಡಿಸುತ್ತಾರೆ. ಪತ್ರಿಕೆಗೆ ಬರೆಯಲು ಬಂದು ಬಾಗಿಲಲ್ಲಿ ನಿಂತ ನನಗೆ ವಿನೆಗರ್ ಘಾಟಿಗೆ ಕಣ್ಣಲ್ಲಿ ನೀರು. "ಒಳಗೆ ಬನ್ನಿ, ನನಗಂತೂ ಯಾವ ವಾಸನೇನೂ ಬರಲ್ಲ," ಎನ್ನುತ್ತಾರೆ. ತಮಾಷೆಯೆಂದುಕೊಂಡು ನಕ್ಕುಬಿಟ್ಟೆ. ನಗಬಾರದಿತ್ತು.

ಮೂರು ವರ್ಷದ ಹಿಂದೆ ಬಂದ ಜ್ವರವೊಂದು ಅವರ ಮೂಗು, ನಾಲಿಗೆ ಎರಡನ್ನೂ ಕಿತ್ತುಕೊಂಡು ಹೋಗಿದೆ. ಉಪ್ಪು, ವಿನೆಗರಿನಲ್ಲಿ ಮೊಟ್ಟೆ ನೆನೆಹಾಕಿ ಮಾರುವುದು ಅವರ ಹತ್ತೊಂಬತ್ತು ವರ್ಷದ ಕಸುಬು. ದಿನಕ್ಕೆ ನೂರ ಎಂಬತ್ತು ಮೊಟ್ಟೆ, ಹದಿನೈದು ಬಾಟಲಿ, ಎಲ್ಲ ಕ್ಯಾಂಟೀನಿಗೆ. ಬೀಟ್‌ರೂಟಿನಿಂದ ಕೆಂಪು, ಅರಿಶಿನದಿಂದ ಹಳದಿ, ನೇರಳೆ ಎಲೆಕೋಸಿನಿಂದ ಗುಲಾಬಿ. ಅಂಗಡಿಯ ಬಣ್ಣದ ಪುಡಿಯನ್ನು ಅವರು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. "ಅದನ್ನ ತಿಂದೋರು ನಾಲಿಗೆ ಚಾಚಿದ್ರೆ ಹೆದರಿಕೆ ಆಗುತ್ತೆ ಕಣ್ರೀ!"

ಜ್ವರ ಬಿಟ್ಟ ವಾರವೇ ಒಂದು ಎಡವಟ್ಟಾಯಿತು. ವಿನೆಗರಿನ ಕ್ಯಾನು, ಕಾಯಿಸಿ ಆರಿಸಿದ ನೀರಿನ ಕ್ಯಾನು ಎರಡೂ ಒಂದೇ ತರಹ. ಆರು ಬಾಟಲಿಗೆ ಅಕ್ಕ ವಿನೆಗರ್ ಎಂದುಕೊಂಡು ನೀರನ್ನೇ ಸುರಿದರು. ಬೀಟ್‌ರೂಟ್ ಬಿದ್ದ ಮೇಲೆ ಎರಡೂ ಒಂದೇ ಕೆಂಪು. ಹುಳಿಯಿಲ್ಲದ ಮೊಟ್ಟೆ ಬಾಟಲಿಯಲ್ಲೇ ಕೆಡುತ್ತದೆ, ತಿಂದಿದ್ದರೆ ತಿಂದವರ ಗತಿ ಹೇಳಬೇಕಿಲ್ಲ. ಅತ್ತ ಹಾದುಹೋಗುತ್ತಿದ್ದ ಗಂಡ, "ಏನೇ ಇದು, ಘಾಟೇ ಇಲ್ಲ?" ಎಂದು ನಿಂತರಂತೆ.

"ಆರೂ ಬಾಟಲಿ ಚರಂಡಿಗೆ ಸುರಿದೆ. ಕ್ಯಾಂಟೀನಲ್ಲಿ ತಿನ್ನೋರು ನೂರಾರು ಜನ. ಕೆಟ್ಟ ಮೊಟ್ಟೆ ನೀರಲ್ಲಿ ತೇಲಿ ತಾನೇ ಹೇಳುತ್ತೆ, ಹುಳಿ ಹೇಳಲ್ವಲ್ಲ. ಈ ಕೆಲಸಾನೇ ಬಿಟ್ಟುಬಿಡ್ತೀನಿ ಅಂದೆ. 'ಯಾಕೆ, ನನ್ನ ಮೂಗೇನು ಬಾಡಿಗೆಗೆ ಹೋಗಿದ್ಯಾ?' ಅಂದ್ರು ಇವರು."

ಈಗ ವಿನೆಗರ್ ಕ್ಯಾನಿಗೆ ಗುರುತಿನ ಹಗ್ಗವಿದೆ, ಆದರೆ ಅಕ್ಕನ ಎದೆಯಲ್ಲಿ ಹೊಕ್ಕ ಭಯ ಹೋಗಿಲ್ಲ. ಅಂದಿನಿಂದ ಪ್ರತಿ ಬಾಟಲಿಯೂ ಗಂಡನ ಮೂಗಿನಡಿ ಹಾದೇ ಹೊರಡುತ್ತದೆ. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ. ವಿನೆಗರ್ ಎಂದರೆ ಮೊದಲೆಲ್ಲ ಮೂಗು ಮುರಿಯುತ್ತಿದ್ದವರು.

ಆ ಡ್ರೈವರ್ ಈಗ ಒಳಕೋಣೆಯ ಮಂಚದಲ್ಲಿದ್ದಾರೆ. ಶ್ವಾಸಕೋಶ ಕೈಕೊಟ್ಟಿದೆ, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿದೆ. ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು. ಅಕ್ಕ ಬಾಟಲಿ ಹಿಡಿದಾಗ ಅವರು ಮೆಲ್ಲಗೆ ಎದ್ದು ಕೂರುತ್ತಾರೆ, ನಳಿಕೆ ಸರಿಸಿ ಮೂಸುತ್ತಾರೆ. ಉಸಿರು ಕೂಡಿಸಿಕೊಳ್ಳಲು ಒಂದು ನಿಮಿಷ ಬೇಕು. "ಜೋರಾಗಿದೆ, ಕಳಿಸು," ಎಂದು ನನ್ನತ್ತ ತಿರುಗಿ, "ಈ ಮನೇಲಿ ಸಹಿ ಹಾಕೋ ಅಧಿಕಾರ ನಂದೇ," ಎನ್ನುತ್ತಾರೆ. ಹದಿನೈದು ಬಾಟಲಿಗೂ ಹೀಗೇ.

ಅಡುಗೆಮನೆಗೆ ಮರಳಿದ ಅಕ್ಕ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸುತ್ತಾರೆ. "ಹೋದ ತಿಂಗಳು ಯಾಕೋ ಅನುಮಾನ ಬಂತು. ಬರೀ ನೀರಿನ ಬಾಟಲಿ ಹಿಡಿದೆ. 'ಘಮ್ ಅಂತಿದೆ, ಕಳಿಸು' ಅಂದ್ರು." ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಅವರ ಮೂಗೂ ಹೋಗಿದೆ. ಪಾಪ, ಅವರಿಗದು ಗೊತ್ತೇ ಇಲ್ಲ."

ನಾನು ಆಗಲೇ ಎರಡು ಮೊಟ್ಟೆ ತಿಂದಾಗಿತ್ತು! ಮುಖ ನೋಡಿಯೇ ತಿಳಿದ ಅಕ್ಕ ಒಂದು ಬಟ್ಟಲು ತೋರಿಸುತ್ತಾರೆ. ನೇರಳೆ ಎಲೆಕೋಸು ನೆನೆಸಿದ ನೀರು, ನೀಲಿಗಿದೆ. ಹೋದ ತಿಂಗಳಿಂದ, ಬಣ್ಣ ಬೆರೆಸುವ ಮೊದಲೇ ಪ್ರತಿ ಬಾಟಲಿಯಿಂದ ಒಂದು ಚಮಚ ತೆಗೆದು ಇಂಥ ನೀರಿಗೆ ಬಿಡುತ್ತಾರೆ. ಹುಳಿಯಿದ್ದರೆ ನೀಲಿ ಹೋಗಿ ಗುಲಾಬಿಯಾಗುತ್ತದೆ, ಬರೀ ನೀರಾದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಗಂಡ ಏಳುವ ಮುಂಚೆ ಈ ಪರೀಕ್ಷೆ ಮುಗಿದಿರುತ್ತದೆ.

ಮತ್ತೆ ಬಾಟಲಿಗಳನ್ನು ಒಳಗೆ ಒಯ್ಯುವುದೇಕೆ ಎಂದು ಕೇಳಿದ್ದು ನನ್ನ ದಡ್ಡತನ. "ಬೆಳಿಗ್ಗೆ ಎದ್ದು ಕೂರೋಕೆ ಅವರಿಗಿರೋದು ಅದೊಂದೇ ಕೆಲಸ. ಅದನ್ನೂ ಕಿತ್ಕೊಳ್ಳಲಾ?"

ಇದು ಪತ್ರಿಕೆಯಲ್ಲಿ ಬಂದರೆ ಅವರಿಗೆ ತಿಳಿದುಹೋಗುತ್ತದಲ್ಲ, ಬಿಟ್ಟುಬಿಡಲೇ ಎಂದೆ. ಬಿಡಬೇಡಿ ಎಂದು ಅಕ್ಕ ತಲೆಯಾಡಿಸುತ್ತಾರೆ.

"ಬರೀರಿ. ನಾನು ನೋಡದೆ ಒಂದು ಬಾಟಲೀನೂ ಕಳಿಸಲ್ಲ ಅಂತ ತಿನ್ನೋರಿಗೆ ಗೊತ್ತಿರಲಿ." ಕೊನೆಯ ಮುಚ್ಚಳ ಬಿಗಿಯುತ್ತಾರೆ. "ಇವರಿಗೀಗ ಅಕ್ಷರ ಕಾಣಲ್ಲ. ಪೇಪರ್ ಓದಿ ಹೇಳೋಳು ನಾನೇ. ಅಷ್ಟು ಬಿಟ್ಟು ಓದ್ತೀನಿ."