ಟೈರಿನ ಒಳಮಗ್ಗುಲು

ನನ್ನ ಅಕ್ಕನ ಗಂಡ ಖಾನಾಪುರದವರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ಆಯುಷ್ಯದ ಅರ್ಧ ಕಾಲ ಬಸ್ಸು ಓಡಿಸಿ ನಿವೃತ್ತರಾದ ಅವರು ಘಾಟಿನ ರಸ್ತೆಯಲ್ಲಿ ಒಂದು ಅಪಘಾತವನ್ನೂ ಮಾಡಿದವರಲ್ಲ. ಅಂಥವರ ತಲೆಗೆ ನನ್ನ ತಪ್ಪನ್ನು ಕಟ್ಟಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದೇನೆ. ಎರಕದ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕಿ ಪಕ್ಕಕ್ಕಿಡುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಒಂದು ಹಳೆಯ ಕಾರು ಕೊಂಡೆ. ಅದು ನೆಲಕ್ಕೆ ಅಂಟಿಕೊಂಡಂತೆ ಕಾಣಬೇಕೆಂಬ ಹುಚ್ಚಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿದೆ. ಹಾಕಿದ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ್ದ:

"ಗಾಡಿ ಇಳಿಸಿದ್ರ ಗಾಲಿ ಮ್ಯಾಲಿಂದ ಒಳಗ ವಾಲ್ತಾವ್ರಿ. ಸ್ಪ್ರಿಂಗ್ ಕುಂತ ಮ್ಯಾಲ ಅಲೈನ್‌ಮೆಂಟ್ ಮಾಡಸ್ರಿ. ಇಲ್ಲಂದ್ರ ಟೈರ್ ಒಳಮಗ್ಗಲಷ್ಟ ಸವೀತಾವ. ಹೊರಗಿಂದ ಗೊತ್ತಾಗಂಗಿಲ್ಲ."

ಮಾಡಿಸುತ್ತೇನೆ ಎಂದೆ. ಮಾಡಿಸಲಿಲ್ಲ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು, ಕೈ ಅದಕ್ಕೇ ಒಗ್ಗಿತು.

ಮಳೆಗಾಲ ಮುಗಿದ ಮೇಲೆ ಧಾರವಾಡದಿಂದ ನನ್ನ ಹೆಂಡತಿಯ ಅಣ್ಣ, ಅವರ ಹೆಂಡತಿ ಬಂದರು. ನಾವಿಬ್ಬರೂ ಅವರಿಬ್ಬರೂ ಘಟ್ಟದಂಚಿನ ಕಣಕುಂಬಿ ನೋಡಲು ಹೊರಟೆವು. ಖಾನಾಪುರದಲ್ಲಿ ಅಕ್ಕನ ಮನೆಯಲ್ಲಿ ಚಹಾ ಕುಡಿದು, ದಾರಿ ಬಲ್ಲವರೆಂದು ಮಾಮಾನನ್ನೇ ಕಾರು ನಡೆಸಲು ಕೂರಿಸಿದೆ. ಜಾಂಬೋಟಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಒಂದು ತಿರುವಿನಲ್ಲಿ ಮುಂದಿನ ಎಡ ಟೈರು ಸಿಡಿಯಿತು. ಕಾರು ಚರಂಡಿಯತ್ತ ಜಗ್ಗಿತು. ಮಾಮಾ ಬ್ರೇಕು ತುಳಿಯಲಿಲ್ಲ. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ವೇಗ ತಾನಾಗಿ ಇಳಿಯುವವರೆಗೆ ಕಾದು, ಒಂದು ಮರದ ಹತ್ತಿರ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ.

"ಟೈರ್ ಹಳೇವೇನ್ರಿ?" ಹೆಂಡತಿಯ ಅಣ್ಣ ನನ್ನನ್ನು ಕೇಳಿದರು.

"ಚಲೋನ ಅದಾವಲ್ರಿ," ಎಂದೆ. "ಮಾಮಾ ತಗ್ಗಿನ್ಯಾಗ ಜೋರ ಇಳಿಸಿದ್ರು. ಬಸ್ಸಿನ ಕೈ, ಸಣ್ಣ ಗಾಡಿ ಅಂದಾಜ ಸಿಗಂಗಿಲ್ಲ."

ಗಾಲಿ ಬಿಚ್ಚುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ ಮಾಮಾ ತಲೆ ಎತ್ತಿ ನನ್ನನ್ನು ನೋಡಿದರು. "ಹೌದ್ರಿ, ತಗ್ಗ ಕಾಣ್ಲಿಲ್ಲ ನನಗ," ಎಂದು ಬೀಗರಿಗೆ ಹೇಳಿ, ಹರಿದ ಟೈರನ್ನು ತಾವೇ ಡಿಕ್ಕಿಯಲ್ಲಿಟ್ಟು ಗೋಣಿಚೀಲ ಮುಚ್ಚಿದರು. ಆಮೇಲೆ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಗಾವಿಯ ಟೈರಂಗಡಿಯವನು ಆ ಟೈರನ್ನು ಹೊರಳಿಸಿ ತೋರಿಸಿದ. ಹೊರಮಗ್ಗುಲಲ್ಲಿ ಗೀರುಗಳು ಹೊಸ ಟೈರಿನಂತೆ ಆಳವಾಗಿದ್ದವು. ಒಳಮಗ್ಗುಲು ಬೋಳಾಗಿ ತಂತಿ ಹೊರಬಂದಿತ್ತು. "ಇದು ಒಂದ ದಿನದ ಕೆಲಸ ಅಲ್ರಿ," ಎಂದ. ಬಲಗಡೆಯ ಟೈರೂ ಹಾಗೇ ಇತ್ತು. ಇವುಗಳ ಮೇಲೆ ಐದು ಜನ ಕೂತು ಹೋಗಿದ್ದೆವು.

ಮುಂದಿನ ಭಾನುವಾರ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಮಾಮಾ ಹಿತ್ತಲಲ್ಲಿ ಅವರೆ ಬಳ್ಳಿಗೆ ಹಂದರ ಕಟ್ಟುತ್ತಿದ್ದರು.

"ಮಾಮಾ, ತಪ್ಪ ನಂದೈತ್ರಿ. ಟೈರ್ ಒಳಗ ಸವದಿತ್ತು."

"ಗೊತ್ತೈತಿ. ಗಾಲಿ ಬಿಚ್ಚಿದವ ನಾನ ಅಲ್ಲೇನು?"

"ಮತ್ತ ಯಾಕ ಹೇಳ್ಲಿಲ್ರಿ?"

"ಬೀಗರ ಮುಂದ ನಿನ್ನ ಮಾನ ಹೋಗಬಾರದು ಅಂತ ಸುಮ್ಮನಾದೆ." ದಾರದ ಗಂಟು ಬಿಗಿದು ಮೆಲ್ಲಗೆ ಹೇಳಿದರು, "ನಂದು ಹೋತು ಖರೇ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ, "ಯಾರ ಮುಂದ ಅಂದಿದ್ದಿ, ಅವರಿಗೆ ಹೇಳು," ಎಂದಳು.

ಅಲ್ಲಿಂದಲೇ ಧಾರವಾಡಕ್ಕೆ ಫೋನ್ ಮಾಡಿದೆ. ತೊದಲುತ್ತ ಎಲ್ಲ ಹೇಳಿದೆ. ಹೆಂಡತಿಯ ಅಣ್ಣ ನಕ್ಕು, "ಇಷ್ಟಕ್ಕ ಫೋನ್ ಮಾಡಿದ್ರೇನು, ಬಿಡ್ರಿ," ಎಂದು ಬೇರೆ ಮಾತು ತೆಗೆದರು. ಅವರಿಗೆ ಅದು ಮರೆತುಹೋದ ಸಂಗತಿ. ಮಾಮಾ ನನಗೆ ಬೆನ್ನು ಮಾಡಿ ಕೋಲು ನೆಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಹಳೆಯ ಸ್ಪ್ರಿಂಗ್ ಹಾಕಿಸಿ, ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಟೈರು ಬದಲಿಸಿದೆ. ಮಾಮಾ ಈಗಲೂ ನನ್ನ ಕಾರಿನಲ್ಲಿ ಬರುತ್ತಾರೆ, ದಾರಿಯುದ್ದಕ್ಕೂ ಮಾತಾಡುತ್ತಾರೆ. ನಡೆಸಲು ಕೀಲಿ ಚಾಚಿದರೆ ಮಾತ್ರ, "ನೀನ ನಡಸು ತಮ್ಮಾ," ಎಂದು ಬಾಜುವಿನ ಸೀಟಿಗೆ ಹೋಗುತ್ತಾರೆ.